ಸಾಗುವಳಿ ಚೀಟಿ ಹರಿದ ಬೇಸಿಗೆ

ವೇದಿಕೆಯ ಮೇಲೆ ಹೊಗೆ ಬಿಟ್ಟರು. ಸನ್ಮಾನ ಸಮಾರಂಭಕ್ಕೆ ಹೊಗೆ ಯಾಕೆ ಎಂದು ಕೇಳುವವರು ಆ ಸಭಾಂಗಣದಲ್ಲಿ ಯಾರೂ ಇರಲಿಲ್ಲ. ಎರಡು ಕಪ್ಪು ಪೆಟ್ಟಿಗೆಗಳು ಬುಸ್ ಎಂದವು, ಬಿಳಿ ಹೊಗೆ ಗಣ್ಯರ ಇಸ್ತ್ರಿ ಮಾಡಿದ ಪಂಚೆಗಳನ್ನು ಹತ್ತಿ ಹಾರಗಳವರೆಗೆ ಏರಿತು, ಹಿರಿಯರೊಬ್ಬರು ಕೆಮ್ಮತೊಡಗಿದರು. ಆ ಸಿಹಿ ಘಾಟು ನಾಲ್ಕನೇ ಸಾಲಿನಲ್ಲಿದ್ದ ನನ್ನ ಮೂಗಿಗೂ ಬಂತು. ಬಂದ ಕೂಡಲೇ ನಾನು ರಾಮನಗರದ ಆ ಸಭಾಂಗಣ ಬಿಟ್ಟು ಹನ್ನೊಂದು ವರ್ಷ ಹಿಂದಿನ ಬೇಸಿಗೆಗೆ, ನಮ್ಮ ಬಂಡೆದೊಡ್ಡಿಯ ಗೋಮಾಳಕ್ಕೆ ಹೋಗಿಬಿಟ್ಟೆ ಎಂದು ಬರೆಯಬಹುದು. ಹಾಗೆ ಬರೆಯುವುದು ಸುಲಭ. ನಿಜವಾಗಿ ಮೊದಲು ನೆನಪಾದದ್ದು ಆ ಬೇಸಿಗೆಯ ಬಗ್ಗೆ ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆ. ಬೇಸಿಗೆ ಬೇರೆ, ಕಥೆ ಬೇರೆ ಎಂದು ಗೊತ್ತಾಗಲು ಆ ದಿನ ಸಂಜೆಯಾಗಬೇಕಾಯಿತು.

ಸಮಾರಂಭ ನಡೆದದ್ದು ಒಂದು ಸಿನಿಮಾಕ್ಕೆ ಹತ್ತು ವರ್ಷ ತುಂಬಿತೆಂದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆದೇ ಹೊಟ್ಟೆ ಹೊರೆಯುತ್ತಿರುವವರು ಬೇಕಾದಷ್ಟಿದ್ದಾರೆ. ಗೋಮಾಳ ನುಂಗುವ ಮಂತ್ರಿ, ಅದನ್ನು ಪತ್ತೆ ಮಾಡಿ ಕೊಲೆಯಾಗುವ ಗ್ರಾಮ ಲೆಕ್ಕಿಗ, ಕೊಲೆಗಾರರ ಬೆನ್ನುಹತ್ತುವ ಪತ್ರಕರ್ತೆ. ರಾಜಕೀಯದ ಥ್ರಿಲ್ಲರ್. ದೆಹಲಿಯಲ್ಲಿ ಪ್ರಶಸ್ತಿ ಬಂತು, ಹೊರದೇಶದ ಉತ್ಸವಗಳಿಗೆ ಹೋಯಿತು, ಕನ್ನಡದಲ್ಲೂ ಸಿನಿಮಾ ಮಾಡುತ್ತಾರೆ ಎಂದು ಮುಂಬೈಯವರಿಗೆ ತಿಳಿಯಿತು. ಅಲ್ಲಿಂದಾಚೆಗೆ ಬಂದದ್ದಕ್ಕೆಲ್ಲ ‘ಹೊಸ ಕನ್ನಡ ಸಿನಿಮಾ’ ಎಂದು ಹೆಸರು. ಅಂದು ಮಾತಾಡಿದ ವಿಮರ್ಶಕರೊಬ್ಬರು, ಕನ್ನಡಿಗರಿಗೆ ತಮ್ಮದೆಂಬ ಒಂದು ಸಿನಿಮಾ ಹುಟ್ಟಿದ್ದೇ ಈ ಚಿತ್ರದಿಂದ ಎಂದರು. ಹಾಗಾದರೆ ನಮ್ಮಪ್ಪ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು, ಬೀಡಿ ಸೇದುತ್ತಾ, ಅಳುತ್ತಾ ನೋಡಿದ್ದೆಲ್ಲ ಯಾರದು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸಭೆಗಳಲ್ಲಿ ನಾನು ಕೇಳುವವನಲ್ಲ, ಆಮೇಲೆ ಮನೆಗೆ ಬಂದು ಡೈರಿಯಲ್ಲಿ ಬರೆಯುವವನು.

ಆ ವಿಮರ್ಶಕರು ಹೆಚ್ಚು ಹೊತ್ತು ಮಾತಾಡಿದ್ದು ಒಂದು ಶಾಟಿನ ಬಗ್ಗೆ. ಸಿನಿಮಾ ನೋಡಿದವರಿಗೆಲ್ಲ ಅದು ಗೊತ್ತು; ನೋಡದವರಿಗೂ ಪೋಸ್ಟರಿನಿಂದ ಗೊತ್ತು. ಮಂತ್ರಿ ಕಾರಿನಿಂದ ಇಳಿಯುತ್ತಾನೆ. ಹಳ್ಳಿಯ ಹೆಂಗಸೊಬ್ಬಳು ಒಂದು ಹಳೆಯ ಕಾಗದ ಕೊಡುತ್ತಾಳೆ. ಅವನು ಅದನ್ನು ಮುಖದ ಎತ್ತರಕ್ಕೆ ಹಿಡಿದು, ಓದಿದಂತೆ ಮಾಡಿ, ನಿಧಾನವಾಗಿ ನಡುವೆ ಹರಿಯುತ್ತಾನೆ. ಕ್ಯಾಮೆರಾ ಹೆಂಗಸಿನ ಮುಖಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಅವಳು ಕೂಗುವುದಿಲ್ಲ, ಅಳುವುದಿಲ್ಲ. ಬಾಯಿ ಸ್ವಲ್ಪ ತೆರೆದು, ಎರಡೂ ಕೈ ಮುಂದೆ ಚಾಚಿ, ಬೀಳುತ್ತಿರುವ ಏನನ್ನೋ ಹಿಡಿಯುವವಳಂತೆ ನಿಂತಿರುತ್ತಾಳೆ. ನಟನೆಯೇ ಅಲ್ಲದ ನಟನೆ ಎಂದರು ವಿಮರ್ಶಕರು. ಅವರ ಇಡೀ ಭಾಷಣದಲ್ಲಿ ಸರಿಯಾಗಿದ್ದದ್ದು ಅದೊಂದೇ ಮಾತು.

ಆ ಹೆಂಗಸು ಕೆಂಪಮ್ಮ. ನನ್ನಪ್ಪನಿಗೆ ಚಿಕ್ಕಪ್ಪನ ಮಗಳು, ನನಗೆ ಅತ್ತೆ. ಅಂದು ಅವಳಿಗೂ ಸನ್ಮಾನವಿತ್ತು. ಅವಳನ್ನು ಊರಿನಿಂದ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದವನು ನಾನು. ಹರಿದುಹೋದ ಆ ಕಾಗದವೂ ಅವಳದೇ, ಅವಳ ಜಮೀನಿನ ಸಾಗುವಳಿ ಚೀಟಿ.

*

ಅವರು ಬಂದದ್ದು ಯುಗಾದಿ ಕಳೆದ ಮೇಲೆ. ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ಕೆಲಸವಿಲ್ಲದೆ ಊರಿನಲ್ಲಿ ದಿನ ತಳ್ಳುತ್ತಿದ್ದ ವರ್ಷ ಅದು. ಬಂಡೆಗಳು ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾದು ಹೆಂಚಾಗುತ್ತಿದ್ದವು, ಆ ಕಾವು ಸಂಜೆ ಏಳಾದರೂ ಆರುತ್ತಿರಲಿಲ್ಲ. ಕನಕಪುರದ ರಸ್ತೆಯಲ್ಲಿ ಮಾವಿನಕಾಯಿ ತುಂಬಿದ ಟೆಂಪೋಗಳು ಸಾಲಾಗಿ ಓಡುತ್ತಿದ್ದವು. ಅವುಗಳ ನಡುವೆ ಒಂದು ದಿನ ಜನರೇಟರ್ ವ್ಯಾನು, ಎರಡು ಬಸ್ಸು, ಬಿಳಿಯ ಕಾರುಗಳು ಊರೊಳಗೆ ನುಗ್ಗಿದವು. ನಮ್ಮ ಸೀಮೆಗೆ ಸಿನಿಮಾದವರು ಹೊಸಬರೇನಲ್ಲ. ಬಂಡೆ ಕಂಡಲ್ಲೆಲ್ಲ ಕ್ಯಾಮೆರಾ ಇಟ್ಟು ಹೋಗುವವರನ್ನು ನೋಡಿ ನೋಡಿ ನಮ್ಮ ಮೇಕೆಗಳೂ ತಲೆ ಎತ್ತುವುದಿಲ್ಲ. ಆದರೆ ಇವರಿಗೆ ಬಂಡೆ ಸಾಲದು, ಊರೂ ಬೇಕಾಗಿತ್ತು. ‘ಅಥೆಂಟಿಕ್’ ಎಂಬ ಮಾತು ಆ ಒಂದು ತಿಂಗಳಲ್ಲಿ ಊರಿನ ಹೋಟೆಲಿನವನ ಬಾಯಿಗೂ ಬಂದಿತ್ತು.

ನಿರ್ದೇಶಕರು ಮೃದುವಾಗಿ ಮಾತಾಡುವ ಮನುಷ್ಯ. ಯಾರನ್ನಾದರೂ ಏನಾದರೂ ಕೇಳುವಾಗ ಅವರ ಭುಜದ ಮೇಲೆ ಕೈ ಇಡುತ್ತಿದ್ದರು. ನನ್ನ ಭುಜದ ಮೇಲೂ ಇಟ್ಟರು. ನಾನು ಎಂ.ಎ. ಮಾಡಿದವನು, ಊರಿನವನು, ಡೈರಿ ಬರೆಯುವವನು ಎಂದು ತಿಳಿದು ‘ಭಾಷಾ ಸಲಹೆಗಾರ’ ಎಂಬ ಹುದ್ದೆ ಕೊಟ್ಟರು. ಮಂತ್ರಿಯ ಪಾತ್ರದ ನಟನಿಗೆ ನಮ್ಮ ಮಾತು ಕಲಿಸುವುದು ನನ್ನ ಕೆಲಸ. ಆ ನಟ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವನು. ‘ಐತೆ’ ಎಂಬುದನ್ನು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವನಂತೆ ಹೇಳುತ್ತಿದ್ದ. ‘ಲೇ’ ಎಂಬುದು ಅವನಿಗೆ ಬಹಳ ಹಿಡಿಸಿಬಿಟ್ಟಿತು. ಹಿರಿಯರಿಗೆ ಲೇ, ಹೆಂಗಸರಿಗೆ ಲೇ, ಜಿಲ್ಲಾಧಿಕಾರಿಗೂ ಲೇ. ನಮ್ಮ ಕಡೆ ಯಾವ ರೌಡಿಯೂ ಅಜ್ಜಿಗೆ ಲೇ ಅನ್ನುವುದಿಲ್ಲ ಸರ್ ಎಂದೆ. ‘ಬಟ್ ಪವರ್ ಇದೆ’ ಎಂದ. ಸಿನಿಮಾದಲ್ಲಿ ಲೇ ಉಳಿಯಿತು. ಆ ಮೇಲೆ ಬಂದ ನಲವತ್ತು ಅನುಕರಣೆಗಳಲ್ಲೂ ಉಳಿಯಿತು. ಈಗ ನಮ್ಮ ಹುಡುಗರೇ ಅಜ್ಜಿಯರಿಗೆ ಲೇ ಅನ್ನುತ್ತಾರೆ. ಒಂದು ನಾಡಿನ ಸಿನಿಮಾ ಹುಟ್ಟುವುದೆಂದರೆ ಹೀಗೆಯೇ ಇರಬೇಕು.

ಅವರಿಗೆ ನಮ್ಮ ಊರು ಅರ್ಥವಾಗಲೇ ಇಲ್ಲ. ರಾಜಕೀಯ ಸಭೆಯ ದೃಶ್ಯಕ್ಕೆ ಇನ್ನೂರು ಜನ ಬೇಕು ಎಂದರು. ಚುನಾವಣೆ ಬಂದಾಗಲೆಲ್ಲ ಲಾರಿ ಹತ್ತಿ ಮಾಗಡಿ, ಸೋಲೂರು, ಕೋಡಿಹಳ್ಳಿ ಎಂದು ಎಲ್ಲ ಪಕ್ಷದ ಸಭೆಗಳನ್ನೂ ತುಂಬಿಸಿ ಅಭ್ಯಾಸವಿದ್ದ ನಮ್ಮ ಜನ ಬಂದು ಶಿಸ್ತಿನಿಂದ ಕೂತರು, ಹೇಳಿದ ಕಡೆ ಜೈ ಎಂದರು. ಮಧ್ಯಾಹ್ನ ಬಿರಿಯಾನಿ ಪೊಟ್ಟಣ ಹಂಚಿದ ಕೂಡಲೇ ಎದ್ದು ಮನೆಗೆ ಹೋದರು. ಪೊಟ್ಟಣ ಕೊಟ್ಟರೆ ಸಭೆ ಮುಗಿಯಿತು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಖಾಲಿ ಕುರ್ಚಿಗಳ ನಡುವೆ ನಿಂತ ನಿರ್ದೇಶಕರು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ರಾಜಕೀಯದ ಬಗ್ಗೆ ಸಿನಿಮಾ ತೆಗೆಯುತ್ತಿದ್ದ ಆ ಮನುಷ್ಯನಿಗೆ ಅವರು ಎದ್ದುಹೋದದ್ದು ಯಾಕೆ ಎಂದು ನಾನು ವಿವರಿಸಬೇಕಾಯಿತು.

ಇನ್ನೊಮ್ಮೆ ಹೊಗೆಯ ವಿಷಯಕ್ಕೆ ಜಗಳವಾಯಿತು. ಊರಿನ ಅರ್ಧ ಮನೆಗಳಲ್ಲಿ ಆಗ ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಸುಮ್ಮನಾಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸೊಳ್ಳೆಬತ್ತಿಯ ಹೊಗೆಯೂ ಆಗದು, ಹೊರಗಿನವರು ಹುಳುಮನೆಯ ಬಾಗಿಲಿಗೂ ಬರುವಂತಿಲ್ಲ. ಊರಿನವರು ಒಟ್ಟಾಗಿ ಹೋಗಿ ಹೊಗೆ ಪೆಟ್ಟಿಗೆಗಳನ್ನು ನಿಲ್ಲಿಸಿದರು. ಹುಳು ಗೂಡು ಕಟ್ಟುವವರೆಗೆ ಗಾಳಿ ಊರ ಕಡೆ ಬೀಸುವ ದಿನ ಶೂಟಿಂಗ್ ಇಲ್ಲ ಎಂದರು. ಹುಳುಗಳ ಬಗ್ಗೆ ನಮಗಿದ್ದ ಎಚ್ಚರ ಅದು. ಈಗ ಯೋಚಿಸಿದರೆ, ಆ ತಿಂಗಳು ಬಂಡೆದೊಡ್ಡಿಯಲ್ಲಿ ಹುಳುಗಳಿಗೆ ಮಾತ್ರ ಕಾವಲಿತ್ತು.

*

ಕೆಂಪತ್ತೆಯ ಜಮೀನು ಬಂಡೆಯ ಬುಡದಲ್ಲಿ ಒಂದೂವರೆ ಎಕರೆ. ಅವಳು ಮದುವೆಯಾದಾಗ ಅದು ಕಲ್ಲು, ಲಂಟಾನ. ಅವಳೂ ಗಂಡನೂ ಕಲ್ಲು ಆಯ್ದು ಹುರುಳಿ, ಅವರೆ ಬೆಳೆದರು. ಗಂಡ ತೀರಿದ ಮೇಲೆ ಅವಳೊಬ್ಬಳೇ ಹಿಪ್ಪುನೇರಳೆ ಹಾಕಿದಳು. ಅಷ್ಟು ವರ್ಷ ಉತ್ತವಳಿಗೆ ಸರ್ಕಾರ ಅವಳ ಹೆಸರಿಗೇ ಸಾಗುವಳಿ ಚೀಟಿ ಕೊಟ್ಟಿತ್ತು. ಆದರೆ ಪಹಣಿಯಲ್ಲಿ ಅದು ಇನ್ನೂ ಗೋಮಾಳವೇ. ತಿದ್ದಿಸಲು ಹೋದರೆ ಮಂಜೂರಾತಿಯ ಕಡತ ಸಿಗುತ್ತಿಲ್ಲ ಎಂಬ ಉತ್ತರ. ಹಾಗಾಗಿ ಆ ನೆಲ ಅವಳದು ಎನ್ನಲು ಲೋಕದಲ್ಲಿ ಉಳಿದಿದ್ದದ್ದು ಒಂದೇ ಒಂದು ಹಾಳೆ. ಮುಂದೆ ಅವಳ ಹೆಸರು, ಸರ್ವೆ ನಂಬರು, ವಿಸ್ತೀರ್ಣ. ಹಿಂದೆ ಸೀಲು, ಸಹಿ ಮತ್ತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಅದನ್ನು ನಾಲ್ಕಾಗಿ ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು. ಮನೆಯಲ್ಲಿಟ್ಟರೆ ಇಲಿ ತಿನ್ನುತ್ತದೆ, ಪೆಟ್ಟಿಗೆಯಲ್ಲಿಟ್ಟರೆ ಗೆದ್ದಲು. ಮೈಮೇಲೆ ಇದ್ದರೆ ಮಾತ್ರ ನಂಬಿಕೆ. ಯಾವ ಆಫೀಸಿನಲ್ಲೂ ಜೆರಾಕ್ಸ್ ಕೊಡುತ್ತಿರಲಿಲ್ಲ. ಜೆರಾಕ್ಸ್ ಕೊಟ್ಟರೆ ಸುಳ್ಳಿ ಅನ್ಕತಾರೆ ಎಂಬುದು ಅವಳ ವಾದ. ನಾನೇ ಒಮ್ಮೆ ಹಟ ಮಾಡಿ ಚನ್ನಪಟ್ಟಣದಲ್ಲಿ ಒಂದು ಪ್ರತಿ ತೆಗೆಸಿ ಅವಳ ಕೈಗೆ ಕೊಟ್ಟಿದ್ದೆ. ತೆಗೆಸಿದ್ದು ಮುಂದಿನ ಮಗ್ಗಲು ಮಾತ್ರ.

ನಿರ್ದೇಶಕರು ಅವಳನ್ನು ಗುಂಪಿನಲ್ಲಿ ನೋಡಿ ಆರಿಸಿಕೊಂಡರು. ಅರ್ಜಿ ಕೊಡುವ ಹೆಂಗಸಿನ ಪಾತ್ರ, ಮಾತಿಲ್ಲ. ಮಂತ್ರಿ ಅರ್ಜಿ ತೆಗೆದುಕೊಂಡು ಓದದೆ ಜೇಬಿಗೆ ಹಾಕಿಕೊಳ್ಳುತ್ತಾನೆ ಎಂದು ಬರೆದಿತ್ತು. ಕಲಾ ವಿಭಾಗದವರು ಟೀ ನೀರಿನಲ್ಲಿ ನೆನೆಸಿ ಒಣಗಿಸಿದ ಕಾಗದ ಕೊಟ್ಟರು. ಅತ್ತೆ ಅದನ್ನು ರೇಷನ್ ಕಾರ್ಡು ಕೊಟ್ಟಂತೆ ಕೊಟ್ಟಳು. ಇನ್ನೊಂದು ಟೇಕ್. ಮತ್ತೊಂದು. ಬಿಸಿಲು ನೆತ್ತಿಗೆ ಬಂತು. ಏನೂ ಇಲ್ಲದ ಕಾಗದವನ್ನು ಏನೋ ಇದ್ದಂತೆ ಕೊಡಲು ಅವಳಿಗೆ ಬರಲಿಲ್ಲ. ನಮ್ಮ ಮನೆತನದಲ್ಲಿ ಆ ವಿದ್ಯೆ ನನಗೊಬ್ಬನಿಗೇ ಬಂದದ್ದು. ಟೀ ಬಿಡುವಿನಲ್ಲಿ ನಿರ್ದೇಶಕರು ನನ್ನ ಭುಜದ ಮೇಲೆ ಕೈ ಇಟ್ಟರು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸಿನಿಮಾ ಹೆಸರು ಮಾಡಿದ ಮೇಲೆ ಗೆಳೆಯರಿಗೆ, ಪತ್ರಿಕೆಯವರಿಗೆ, ಈಗ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುವ ಕಾಲೇಜಿನ ಮಕ್ಕಳಿಗೆ. ಕಥೆ ಹೀಗೆ: ನಿರ್ದೇಶಕರು ಒಂದು ನಿಜವಾದ ಹಳೆಯ ಕಾಗದ ಸಿಕ್ಕರೆ ಚೆನ್ನಾಗಿತ್ತು ಎಂದರು. ಅತ್ತೆಯ ಹತ್ತಿರ ಇದೆ ಎಂದು ನಾನು ಹೇಳಿದೆ. ಅತ್ತೆ ಹಿಂದೆಮುಂದೆ ನೋಡಿದಳು.

“ಕಳ್ದೋಗಾಕಿಲ್ಲ ತಾನೆ?” ಎಂದು ಕೇಳಿದಳು.

“ಇಲ್ಲೇ ನಿಂತಿರ್ತೀನಿ ಕಣತ್ತೆ, ಶಾಟು ಮುಗಿತಿದ್ದಂಗೆ ಈಸ್ಕೊಡ್ತೀನಿ” ಎಂದೆ.

ಅವಳು ಪ್ಲಾಸ್ಟಿಕ್ಕು ಬಿಚ್ಚಿ, ಚೀಟಿಯನ್ನು ಸೆರಗಿಗೆ ಒರೆಸಿ ನನ್ನ ಕೈಗೆ ಕೊಟ್ಟಳು. ಸುಣ್ಣದ, ಅಡಿಕೆಯ ವಾಸನೆ ಬರುತ್ತಿತ್ತು. ನಾನು ಅದನ್ನು ನಿರ್ದೇಶಕರಿಗೆ ಒಪ್ಪಿಸಿದೆ; ಅವರು ನೋಡಿ, ಶಾಟಿಗೆಂದು ಮತ್ತೆ ಅವಳ ಕೈಗಿಟ್ಟರು. ಟೇಕ್ ಶುರುವಾಯಿತು. ಈ ಸಲ ಅವಳು ಆ ಕಾಗದವನ್ನು ಎರಡೂ ಕೈಯಲ್ಲಿ, ಮಗುವನ್ನು ಬೇರೆಯವರ ಕೈಗೆ ದಾಟಿಸುವಂತೆ ಕೊಟ್ಟಳು. ಮಂತ್ರಿ ಜೇಬಿಗೆ ಹಾಕಿಕೊಳ್ಳಬೇಕಾಗಿತ್ತು. ಇದ್ದಕ್ಕಿದ್ದಂತೆ ನಟನಿಗೆ ಏನೋ ಹೊಳೆಯಿತು, ಹರಿದ. ಯಾರಿಗೂ ಗೊತ್ತಿರಲಿಲ್ಲ. ನಾನು ಕೂಗುವಷ್ಟರಲ್ಲಿ ಮುಗಿದುಹೋಗಿತ್ತು. ಕಟ್ ಎನ್ನದೆ ನಿರ್ದೇಶಕರು ಅವಳ ಮುಖವನ್ನೇ ಹಿಡಿದರು. ಆಮೇಲೆ ಎಲ್ಲರೂ ಚಪ್ಪಾಳೆ ಹೊಡೆದರು. ನಿರ್ದೇಶಕರ ಕಣ್ಣಲ್ಲಿ ನೀರಿತ್ತು.

ಇಷ್ಟು ಹೇಳಿ ನಾನು ಕಥೆ ಮುಗಿಸುತ್ತಿದ್ದೆ. ಕೇಳಿದವರು ಛೆ ಅನ್ನುತ್ತಿದ್ದರು, ಕಲೆ ಮತ್ತು ಬದುಕಿನ ಬಗ್ಗೆ ಏನಾದರೂ ಹೇಳುತ್ತಿದ್ದರು. ಆ ಮೇಲಿನದನ್ನು ಕಡಿಮೆ ಹೇಳುತ್ತಿದ್ದೆ. ಅತ್ತೆ ಚೂರುಗಳನ್ನು ಆಯಲು ಬಗ್ಗಿದಾಗ ಸಹಾಯಕಿಯೊಬ್ಬಳು ಓಡಿಬಂದು, ಮುಟ್ಟಬೇಡಿ, ಮುಂದಿನ ಶಾಟಿಗೆ ಬೇಕು ಎಂದು ತಾನೇ ಆಯ್ದು, ಒಂದು ಕವರಿಗೆ ಹಾಕಿ, ಮೇಲೆ ದೃಶ್ಯದ ನಂಬರು ಬರೆದಳು. ಆ ಕವರು ಶೂಟಿಂಗ್ ಮುಗಿದ ದಿನ ಅವರ ವ್ಯಾನಿನಲ್ಲಿ ಬೆಂಗಳೂರಿಗೆ ಹೋಯಿತು. ಅಲ್ಲಿಯವರೆಗೂ ಅತ್ತೆ ದಿನವೂ ಬಂದು ಜನರೇಟರಿನ ಪಕ್ಕ ನಿಲ್ಲುತ್ತಿದ್ದಳು. ಊಟದ ಪೊಟ್ಟಣ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ, ತೆಗೆದುಕೊಂಡರೆ ಹೋಗಬೇಕಾಗುತ್ತದಲ್ಲ. ಕವರು ಕೇಳಿ ನಾನು ಫೋನು ಮಾಡಿದೆ. ಹುಡುಕುತ್ತೇವೆ ಎಂದರು. ಆಮೇಲೆ ಆಫೀಸು ಬದಲಾಯಿತು ಎಂದರು. ಆಮೇಲೆ ಫೋನು ಎತ್ತುವುದನ್ನು ಬಿಟ್ಟರು, ನಾನು ಮಾಡುವುದನ್ನು ಬಿಟ್ಟೆ. ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರು ಅಡುಗೆಯವರಾದ ಮೇಲೆ ಬಂತು. ಕ್ಯಾಸೆಟ್ಟಿನ ಹಳೆ ಹಾಡಿನಂತೆ ಅದನ್ನು ಎಷ್ಟೋ ಸಲ ಹಿಂದೆ ಓಡಿಸಿ ನೋಡಿದ್ದೇನೆ.

ಅತ್ತೆ ನನ್ನನ್ನು ಬೈಯಲಿಲ್ಲ. ಯಾರಿಗೂ ಗೊತ್ತಿರಲಿಲ್ಲ ಕಣತ್ತೆ ಎಂದು ನಾನೇ ಹೋಗಿ ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಸೇರು ಹುರುಳಿಕಾಳು ಕೊಟ್ಟು ಕಳಿಸಿದಳು. ಆ ಮೇಲೂ ಆ ನೆಲ ಉಳುವುದನ್ನು ಬಿಡಲಿಲ್ಲ.

*

ಈ ವರ್ಷ ಗೋಮಾಳಕ್ಕೆ ಬೇಲಿ ಹಾಕುತ್ತಾರೆಂದು ಊರಿನ ಕಟ್ಟೆಯ ಗೋಡೆಗೆ ನೋಟಿಸು ಅಂಟಿಸಿದರು. ತಮ್ಮದು ಎನ್ನುವವರು ತಿಂಗಳೊಳಗೆ ದಾಖಲೆ ತೋರಿಸಬೇಕು. ಅತ್ತೆ ತನ್ನ ಜೆರಾಕ್ಸ್ ತೋರಿಸಿದಳು. ಹಿಂದಿನ ಮಗ್ಗಲು ಇಲ್ಲದೆ ಇದು ನಡೆಯುವುದಿಲ್ಲ, ಸೀಲೇ ಇಲ್ಲವಲ್ಲ ಎಂದು ವಾಪಸು ಕೊಟ್ಟರು. ಆಗಲೇ ಸನ್ಮಾನದ ಪತ್ರ ಬಂತು. ಅವಳು ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಆ ಕವರು ಇಟ್ಕಂಡಿರೋರು ಯಾರಾದ್ರೂ ಬತ್ತಾರಾ ಎಂದು ಕೇಳಿದಳು. ಬರಬಹುದು ಎಂದೆ. ಹಂಗಾದ್ರೆ ನಡಿ ಎಂದಳು.

ನಿರ್ದೇಶಕರು ಬರಲಿಲ್ಲ, ವಿಡಿಯೋದಲ್ಲಿ ಶುಭಾಶಯ ಕಳಿಸಿದ್ದರು. ಮಂತ್ರಿಯಾಗಿದ್ದ ನಟ ಬಂದಿದ್ದ. ಈಗ ಅವನು ನಿಜವಾಗಿಯೂ ಒಂದು ಪಕ್ಷ ಸೇರಿದ್ದಾನೆ, ಬಿಳಿ ಅಂಗಿ ಹಾಕುತ್ತಾನೆ, ಐತೆ ಎನ್ನಲು ಚೆನ್ನಾಗಿ ಕಲಿತಿದ್ದಾನೆ. ಅವನೇ ಅತ್ತೆಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟ. ಕೊನೆಗೆ ಒಂದು ದೊಡ್ಡ ಫೋಟೋ, ಚಿನ್ನದ ಬಣ್ಣದ ಚೌಕಟ್ಟು. ಅದೇ ಶಾಟು. ತನ್ನ ಚೀಟಿ ಹರಿಯುತ್ತಿರುವ ಚಿತ್ರವನ್ನು ಹರಿದವನ ಕೈಯಿಂದಲೇ ಅವಳಿಗೆ ನೆನಪಿನ ಕಾಣಿಕೆಯಾಗಿ ಕೊಡಿಸಿದರು. ಇದನ್ನು ಯೋಚಿಸಿ ಮಾಡಿದ್ದರೆ ಕ್ರೌರ್ಯ ಅನ್ನಬಹುದಿತ್ತು. ಯೋಚಿಸುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ನಿರೂಪಕಿ ಮೈಕು ಹಿಡಿದು, ಏನಾದರೂ ಹೇಳಿ ಅಮ್ಮಾ ಎಂದಳು.

ಅತ್ತೆ ಮೈಕಿಗೆ ಮಾತಾಡಲಿಲ್ಲ, ನಟನ ಕಡೆ ತಿರುಗಿ ಕೇಳಿದಳು. “ನನ್ ಚೀಟಿ ಯಾರತ್ರ ಐತಪ್ಪ?”

ಸಭಾಂಗಣ ಗೊಳ್ಳೆಂದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ನಟ ಅವಳ ಕಾಲು ಮುಟ್ಟಿದ, ಕ್ಯಾಮೆರಾಗಳು ಮಿಂಚಿದವು. ಎಂಥ ಟೈಮಿಂಗ್ ನೋಡಿ ಎಂದಳು ನಿರೂಪಕಿ. ಮತ್ತೆ ಹೊಗೆ ಬಿಟ್ಟರು.

ನಾನು? ನಾನು ನಗಲಿಲ್ಲ ಎಂದು ಬರೆಯಲು ಇಷ್ಟ. ಆದರೆ ಪಕ್ಕದವರು ನನ್ನನ್ನು ನೋಡಿದಾಗ ಮುಖವನ್ನು ಹೇಗೆ ಇಟ್ಟುಕೊಂಡಿದ್ದೆನೋ ನೆನಪಿಲ್ಲ.

ಹೊರಗೆ ಬಂದು ಆಲದ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಗೂಡಿನ ಮಾರುಕಟ್ಟೆಯ ಕಡೆಯಿಂದ ಬೆಂದ ರೇಷ್ಮೆ ಹುಳುವಿನ ವಾಸನೆ ಬರುತ್ತಿತ್ತು. ಅತ್ತೆ ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟಳು. ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ತನ್ನ ಮುಖವನ್ನು ನೋಡುತ್ತಿದ್ದಾಳೆ ಎಂದುಕೊಂಡೆ. ಅವಳ ಬೆರಳು ಮುಖದ ಮೇಲಿರಲಿಲ್ಲ.

“ಕಣ್ಣು ಒಸಿ ಮಂಜು ಕಣ್ಲಾ ಮಾದೇವ. ಇಲ್ಲಿ ಓದು.”

ಬಗ್ಗಿ ನೋಡಿದೆ. ಫೋಟೋದಲ್ಲಿ ಮಂತ್ರಿಯ ಬೆನ್ನು, ಅವನ ಮುಖದ ಎತ್ತರಕ್ಕೆ ಹಿಡಿದ ಕಾಗದ. ಹರಿಯುವ ಮುನ್ನ ಅವನು ಅದನ್ನು ಒಮ್ಮೆ ತಿರುಗಿಸಿದ್ದ, ಓದಿದಂತೆ ನಟಿಸಲು. ಬೆನ್ನ ಹಿಂದಿನಿಂದ, ಭುಜದ ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುತ್ತಿದ್ದದ್ದು ಚೀಟಿಯ ಹಿಂದಿನ ಮಗ್ಗಲು. ಹರಕು ಮೇಲಂಚಿನಿಂದ ಒಂದು ಬೆರಳಿನಷ್ಟು ಮಾತ್ರ ಇಳಿದಿತ್ತು. ದುಬಾರಿ ಕ್ಯಾಮೆರಾ, ಒಳ್ಳೆಯ ಬಿಸಿಲು, ನಾಲ್ಕಡಿ ಅಗಲದ ಪ್ರಿಂಟು. ನೇರಳೆ ಬಣ್ಣದ ದುಂಡು ಸೀಲು. ಸಹಿ. ಅದರ ಕೆಳಗೆ ಇಂಕಿನ ಬರಹ. ಓದಿದೆ: ಪೂರ್ವಕ್ಕೆ ಬಂಡೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿ ದಾರಿ. ದಕ್ಷಿಣವನ್ನು ನಟನ ಹೆಬ್ಬೆರಳು ಮುಚ್ಚಿತ್ತು.

“ತೆಂಕ್ಲಾಗೆ ನಮ್ ಭಾವನ ಹೊಲ” ಎಂದಳು ಅತ್ತೆ, ಉಳಿದದ್ದನ್ನು ತುಂಬಿಸುವವಳಂತೆ. “ನಾಳೀಕೆ ಅರ್ಜಿ ಬರ್ಕೊಡು. ಇದ ತಕ್ಕಂಡೋಗನ.”

*

ಅರ್ಜಿ ಬರೆಯಲು ದಿನಾಂಕ ಬೇಕಿತ್ತು, ಚೀಟಿ ಹರಿದ ದಿನದ್ದು. ಅಂದು ಸಂಜೆಯೇ ಅಟ್ಟದಿಂದ ಆ ವರ್ಷದ ಡೈರಿ ಇಳಿಸಿದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ ಎಂದು ಎಲ್ಲ ಕಡೆ ಹೇಳಿಕೊಂಡು ತಿರುಗುವವನು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಡೈರಿ ತೆರೆದಿರಲಿಲ್ಲ. ಈ ಒಂದು ಸಂಗತಿಯನ್ನು ಮಾತ್ರ ಹಾಗೆಯೇ ನಂಬಿಬಿಟ್ಟಿದ್ದೆ. ಪುಟ ಸಿಕ್ಕಿತು. ನನ್ನದೇ ಕೈಬರಹ, ಆ ವಯಸ್ಸಿನ ದುಂಡು ಅಕ್ಷರ:

‘ಬಿಸಿಲು ಭಯಂಕರ. ಅತ್ತೆ ಸರಿಯಾಗಿ ಮಾಡುತ್ತಿಲ್ಲ. ಟೀ ಹೊತ್ತಿನಲ್ಲಿ ಡೈರೆಕ್ಟರ್ ಕೇಳಿದರು, ಈ ಹೆಂಗಸಿಗೆ ನಿಜಕ್ಕೂ ಸಂಕಟವಾಗಬೇಕಾದರೆ ಏನು ಹೋಗಬೇಕು? ಚೀಟಿಯ ವಿಷಯ ಹೇಳಿದೆ. ಅದನ್ನು ಹರಿದರೆ ಎಂದರು. ಜೆರಾಕ್ಸ್ ಇದೆ ಸರ್ ಎಂದೆ. ಅವಳಿಗೆ ಮೊದಲೇ ಹೇಳಬಾರದು ಎಂದರು. ಹೇಳಲಿಲ್ಲ. ಶಾಟ್ ಅದ್ಭುತವಾಗಿ ಬಂತು. ನನ್ನ ಹೆಸರು ಟೈಟಲ್‌ನಲ್ಲಿ ಹಾಕುತ್ತಾರಂತೆ.’

ಎರಡು ಸಲ ಓದಿದೆ. ಬೇರೆ ಯಾರಾದರೂ ಬರೆದಿರಬಹುದೇ ಎಂಬಷ್ಟು ಮೂರ್ಖ ಆಸೆಯೂ ಒಂದು ಕ್ಷಣ ಬಂತು. ನಟನಿಗೆ ಇದ್ದಕ್ಕಿದ್ದಂತೆ ಹೊಳೆದದ್ದು, ನಾನು ಕೂಗುವಷ್ಟರಲ್ಲಿ ಮುಗಿದದ್ದು, ಇದನ್ನೆಲ್ಲ ನಾನು ಯಾವಾಗ ಸೇರಿಸಿದೆ? ಮೊದಲ ಸಲ ಹೇಳುವಾಗಲೇ ಸುಳ್ಳು ಎಂದು ಗೊತ್ತಿತ್ತೇ, ಅಥವಾ ಹೇಳುತ್ತಾ ಹೇಳುತ್ತಾ ಅದೇ ನಿಜವಾಯಿತೇ? ಡೈರಿ ಅದನ್ನು ಹೇಳುವುದಿಲ್ಲ. ಅಂದು ಆ ಸಭಾಂಗಣದ ಎಲ್ಲರನ್ನೂ, ಭುಜದ ಮೇಲೆ ಕೈ ಇಡುವ ನಿರ್ದೇಶಕರನ್ನು, ಬಿಳಿ ಅಂಗಿಯ ನಟನನ್ನು, ಕನ್ನಡಕ್ಕೆ ಸಿನಿಮಾ ಕೊಡಿಸಿದ ವಿಮರ್ಶಕರನ್ನು ಮನಸ್ಸಿನಲ್ಲೇ ತುಚ್ಛವಾಗಿ ಕಂಡು ಮನೆಗೆ ಬಂದಿದ್ದೆ. ಈ ಪುಟ ಓದಿದ ಮೇಲೆ ಅವರ ಸಾಲಿನಲ್ಲಿ ನನಗೊಂದು ಕುರ್ಚಿ ಹುಡುಕುವುದು ಕಷ್ಟವಾಗಲಿಲ್ಲ. ಅವರಿಗೆ ಅದು ಯಾವ ಕಾಗದ ಎಂದು ಪೂರ್ತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅತ್ತೆಯ ಜಗಲಿಯ ಮೇಲೆ ಕೂತು ಅರ್ಜಿ ಬರೆದೆ. ಮೂಲ ಚೀಟಿ ಏನಾಯಿತು ಎಂದು ಬರೆಯುವ ಜಾಗ ಬಂದಾಗ, ‘ಚಿತ್ರೀಕರಣದ ಸಂದರ್ಭದಲ್ಲಿ ಅಚಾತುರ್ಯದಿಂದ ಹರಿದುಹೋಗಿರುತ್ತದೆ’ ಎಂದು ಬರೆದೆ. ಡೈರಿ ಓದಿದ ಮೇಲೂ ಹಾಗೆ ಬರೆದೆ. ಇದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಳು ಸೊಪ್ಪು ಕತ್ತರಿಸುತ್ತಾ ಓದಿ ಹೇಳು ಎಂದಳು. ಓದಿದೆ.

“ಅಚಾತುರ್ಯ ಅಂದ್ರೇನ್ಲಾ?”

“ಯಾರ್ಗೂ ಗೊತ್ತಾಗ್ದಂಗೆ ಆಗ್ಬುಡೋದು ಕಣತ್ತೆ.”

ಕತ್ತರಿಸುವ ಸದ್ದು ನಿಂತಿತು. “ಹಂಗಾದ್ರೆ ಅದ ಹೊಡ್ದಾಕು” ಎಂದಳು.

ಅವಳು ಸೊಪ್ಪಿನ ಕಡೆ ನೋಡುತ್ತಲೇ ಹೇಳಿದಳು. “ಟೀ ಕುಡಿವಾಗ ನೀವಿಬ್ರೂ ನನ್ ಕಡೆ ನೋಡ್ಕೊಂಡು ಮಾತಾಡ್ತಿದ್ರಿ. ನೀ ತಲೆ ಆಡಿಸ್ದೆ. ನಂಗೇನು ಕಣ್ಣಿರ್ನಿಲ್ವಾ? ಆದ್ರೂ ನಮ್ ಮಾದೇವ ಅಲ್ವಾ ಅಂದ್ಕಂಡು ಕೊಟ್ಟೆ.”

ಹನ್ನೊಂದು ವರ್ಷ ನಾನು ಆ ಮುಖದ ಬಗ್ಗೆ ಮಕ್ಕಳಿಗೆ ಪಾಠ ಮಾಡಿದ್ದೆ. ಅಧಿಕಾರವನ್ನು ಕಂಡ ಸಾಮಾನ್ಯರ ಮುಖ ಎಂದು. ಈಗ ಮತ್ತೆ ಆ ಚೌಕಟ್ಟನ್ನು ನೋಡಿದೆ. ಅವಳ ಕಣ್ಣು ಮಂತ್ರಿಯ ಮೇಲಿರಲಿಲ್ಲ. ಕ್ಯಾಮೆರಾದ ಪಕ್ಕಕ್ಕೆ, ಭಾಷಾ ಸಲಹೆಗಾರ ನಿಂತಿರುತ್ತಿದ್ದ ಜಾಗಕ್ಕೆ ನೆಟ್ಟಿತ್ತು.

ಆ ಸಾಲನ್ನು ಹೊಡೆದುಹಾಕಿದೆ. ಚೀಟಿಯನ್ನು ಅವಳಿಂದ ಇಸಿದುಕೊಂಡವನು ನಾನು, ಹರಿಯುತ್ತಾರೆಂದು ನನಗೆ ಮೊದಲೇ ತಿಳಿದಿತ್ತು, ಅವಳಿಗೆ ಹೇಳಲಿಲ್ಲ ಎಂದು ಬರೆದೆ. ಜಾಗ ಸಾಲಲಿಲ್ಲ; ಹಾಳೆ ತಿರುಗಿಸಿ ಹಿಂದೆ ಬರೆದು, ಹೆಸರು, ವಿಳಾಸ ಹಾಕಿ ಸಹಿ ಮಾಡಿದೆ. ಡೈರಿಯನ್ನೂ ಚೀಲಕ್ಕೆ ಹಾಕಿಕೊಂಡೆ.

ತಾಲ್ಲೂಕು ಆಫೀಸಿನಲ್ಲಿ ಚೌಕಟ್ಟು ಟೇಬಲ್ಲಿಗಿಂತ ಅಗಲವಾಗಿತ್ತು. ಗುಮಾಸ್ತ ಅದನ್ನು ನೋಡಿದ ಕೂಡಲೇ ಎದ್ದು ನಿಂತ. ಈ ಸೀನು ಅವನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದನಂತೆ. ಅಮ್ಮಾ ನೀವೇನಾ ಎಂದು ಕೇಳಿ, ಅವಳ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ. ನನ್ನ ಸಲಹೆಯಿಂದ ಹುಟ್ಟಿದ ಕನ್ನಡ ಸಿನಿಮಾ ಅಲ್ಲಿಗೂ ತಲುಪಿತ್ತು. ಆಮೇಲೆ ಅವನಿಗೆ ತನ್ನ ಕೆಲಸ ನೆನಪಾಯಿತು. ಫೋಟೋ ದಾಖಲೆಯಾಗುತ್ತದೋ ಇಲ್ಲವೋ ಸಾಹೇಬರು ಹೇಳಬೇಕು, ಅದನ್ನು ಇಲ್ಲೇ ಬಿಟ್ಟುಹೋಗಿ ಎಂದ.

“ಬುಡಾಕಿಲ್ಲ ಕಣಪ್ಪ” ಎಂದಳು ಅತ್ತೆ. “ಇದು ಒರಿಜಿನಲ್ಲು. ಬೇಕಾದ್ರೆ ಮೊಬೈಲ್ನಾಗೆ ಹಿಡ್ಕೊ. ಅಳ್ತೆಗೆ ಬಂದ್ರೆ ಈ ಫೋಟೋ ತಕ್ಕಂಡು ನಾನೇ ಬಂಡೆ ತಾವ ನಿಂತ್ಕತೀನಿ.”

ಅವನು ಸೀಲು, ಸಹಿ, ಚಕ್ಕುಬಂದಿಯ ಸಾಲುಗಳನ್ನು ಹತ್ತಿರದಿಂದ ಮೂರು ಸಲ ತೆಗೆದುಕೊಂಡ. ಅರ್ಜಿಯನ್ನು ಓದಿ, ಹಿಂದಿನ ಮಗ್ಗಲಿಗೆ ಬಂದಾಗ ನನ್ನ ಮುಖ ನೋಡಿದ. ಇದು ನೀವೇನಾ ಎಂದು ಕೇಳಿದ ದನಿಯಲ್ಲಿ ಸೆಲ್ಫಿಯ ಉತ್ಸಾಹ ಇರಲಿಲ್ಲ. ಹೌದು ಎಂದೆ. ಅರ್ಜಿಯ ಒಂದು ಜೆರಾಕ್ಸ್ ತಂದರೆ ಅದರ ಮೇಲೆ ಸ್ವೀಕೃತಿಯ ಸೀಲು ಒತ್ತಿ ಕೊಡುತ್ತೇನೆ, ಸ್ಥಳ ಪರಿಶೀಲನೆ ಆಗುವವರೆಗೆ ನಿಮ್ಮ ಭಾಗಕ್ಕೆ ಬೇಲಿ ಹಾಕುವುದಿಲ್ಲ, ನೀವು ಸಾಕ್ಷಿ ಹೇಳಲು ಬರಬೇಕಾಗುತ್ತದೆ ಎಂದ. ಬರುತ್ತೇನೆ ಎಂದೆ.

ಎದುರಿನ ಅಂಗಡಿಯಲ್ಲಿ ಅತ್ತೆ ಚೌಕಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತಳು. ಹುಡುಗ ಅರ್ಜಿಯನ್ನು ಮಿಷಿನ್ನಿಗೆ ಹಾಕಿ ಒಂದು ಪ್ರತಿ ತೆಗೆದು ಚಾಚಿದ. ನಾನು ಕೈ ನೀಡುವ ಮೊದಲೇ ಅವಳು ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ಹಿಂದೆ ಬಿಳಿ.

“ಎಲ್ಡೂ ಮಗ್ಗುಲು ತೆಗಿಯಪ್ಪ” ಎಂದಳು. “ಇವನು ಬರ್ದಿರಾದು ಹಿಂದ್ಗಡೆ ಐತೆ.”